ಮೊದಲ ಎರಡು ಗಂಟೆಗೆ ನಮ್ಮ ಬೀದಿಯ ಪ್ಲಾನ್ ಏನು?

ಮೈಸೂರು ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆ ಆಯುಕ್ತರಿಗೆ, ನಂಜನಗೂಡು ನಗರಸಭೆಗೆ, ಕಪಿಲಾ (ಕಬಿನಿ) ಮತ್ತು ಕಾವೇರಿ ದಂಡೆಯ ಗ್ರಾಮ ಪಂಚಾಯ್ತಿಗಳ ಪಿಡಿಒಗಳಿಗೆ. ಪಕ್ಕದ ಮಂಡ್ಯ ಜಿಲ್ಲೆಯ ಅಧಿಕಾರಿಗಳೂ ದಯವಿಟ್ಟು ಓದಬೇಕು.

ಮಾನ್ಯರೇ, ನಮಸ್ಕಾರ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ನಮ್ಮ ಮೂಲ ಮನೆ ಇರೋದು ನಂಜನಗೂಡಿನಲ್ಲಿ, ಹೊಳೆಗೆ ಹತ್ತಿರದ ಬೀದಿಯಲ್ಲಿ. ಅಮ್ಮ ಈಗಲೂ ಅಲ್ಲೇ ಇದ್ದಾರೆ, ಮೈಸೂರಿಗೆ ಬಾ ಅಂದರೂ ಬರಲ್ಲ. ಮಳೆಗಾಲ ಬಂತು ಅಂದರೆ ಬೆಳಿಗ್ಗೆ ಎದ್ದ ತಕ್ಷಣ ನಾನು ನೋಡೋದು ಕಬಿನಿ ಡ್ಯಾಂನ ಹೊರಹರಿವು ಎಷ್ಟು ಅಂತ. ನಮ್ಮ ಕಡೆ ಇದು ನನ್ನೊಬ್ಬನ ಅಭ್ಯಾಸ ಅಲ್ಲ.

ಈ ಪತ್ರದಲ್ಲಿ ಕೇಳೋದು ಒಂದೇ ಪ್ರಶ್ನೆ. ದೊಡ್ಡ ಅನಾಹುತ ಆದಾಗ ಎನ್‌ಡಿಆರ್‌ಎಫ್ ತಂಡ ಬರುವ ತನಕ, ಫೈರ್ ಎಂಜಿನ್ ಬರುವ ತನಕ, ತಹಶೀಲ್ದಾರರ ಜೀಪು ಬರುವ ತನಕ ಒಂದೆರಡು ಗಂಟೆ ಹೋಗುತ್ತೆ. ಆ ಒಂದೆರಡು ಗಂಟೆಯಲ್ಲಿ ನಮ್ಮ ವಾರ್ಡಿನಲ್ಲಿ, ನಮ್ಮ ಹಳ್ಳಿಯಲ್ಲಿ ಯಾರು ಏನು ಮಾಡಬೇಕು? ಅದನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ? ಬರೆದಿಟ್ಟಿದ್ದರೆ ಆ ಬೀದಿಯಲ್ಲಿ ಇರೋ ನಮಗೆ ಅದು ಯಾಕೆ ಗೊತ್ತಿಲ್ಲ?

ಕನಗನಮರಡಿ ನೆನಪಿದೆ ಅಲ್ವಾ? ಪಾಂಡವಪುರ ತಾಲ್ಲೂಕು, 2018ರ ನವೆಂಬರ್ 24, ಶನಿವಾರ. ಖಾಸಗಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿತ್ತು, 30 ಜನ ಹೋದರು, ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಮೊದಲು ನೀರಿಗೆ ಇಳಿದವರು ಅಕ್ಕಪಕ್ಕದ ಊರಿನವರು, ದಾರಿಹೋಕರು. ಹಗ್ಗ, ಕೈಗೆ ಸಿಕ್ಕ ಕಬ್ಬಿಣ, ಈಜು ಬರುವ ಎದೆಗಾರಿಕೆ, ಇಷ್ಟೇ ಅವರ ಹತ್ತಿರ ಇದ್ದದ್ದು. ಉಳಿದ ವ್ಯವಸ್ಥೆ ಎಲ್ಲ ಆಮೇಲೆ ಬಂತು. ಬಂದವರದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ದೂರದಿಂದ ಬರುವವರು ದೂರದಿಂದಲೇ ಬರಬೇಕು. ಆದರೆ ನಾಲೆ ಪಕ್ಕದ ಪ್ರತಿ ಪಂಚಾಯ್ತಿಯಲ್ಲಿ ಹಗ್ಗ, ಟ್ಯೂಬು, ಲೈಫ್ ಜಾಕೆಟ್ಟು, ಗಾಜು ಒಡೆಯೋಕೆ ಒಂದು ಸುತ್ತಿಗೆ, ಈಜು ಬಲ್ಲವರ ಫೋನ್ ನಂಬರು, ಇಷ್ಟನ್ನಾದರೂ ಇಟ್ಟುಕೊಳ್ಳಬೇಕು ಅನ್ನೋದು ಆ ದಿನ ಕಲಿಸಿದ ಪಾಠ. ಅದಾದ ಮೇಲೂ ಮಂಡ್ಯ ಕಡೆ ಅದೇ ನಾಲೆಗೆ ಕಾರುಗಳು ಬಿದ್ದಿವೆ, ಜನ ಸತ್ತಿದ್ದಾರೆ. ಪ್ರತಿ ಸಲ ತಡೆಗೋಡೆಯ ಮಾತು ಬರುತ್ತೆ. ತಡೆಗೋಡೆ ಬೇಕೇ ಬೇಕು. ಅದು ಕಟ್ಟಿ ಮುಗಿಯುವ ತನಕ ಹಗ್ಗವೂ ಬೇಕು.

ಕಾನೂನು ಇಲ್ಲ ಅನ್ನೋ ಹಾಗಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಓದಿದರೆ ಗೊತ್ತಾಗುತ್ತೆ, ಬೇಕಾದದ್ದು ಬಹುಪಾಲು ಅದರಲ್ಲೇ ಇದೆ. ಪ್ರತಿ ಜಿಲ್ಲೆಗೆ ಒಂದು ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಜಿಲ್ಲೆಗೆ ಒಂದು ವಿಪತ್ತು ನಿರ್ವಹಣಾ ಯೋಜನೆ ಇರಬೇಕು, ಅದನ್ನು ವರ್ಷ ವರ್ಷ ಪರಿಷ್ಕರಿಸಬೇಕು. ಪರಿಹಾರ ಕೇಂದ್ರ ಮಾಡೋಕೆ ಯಾವ ಕಟ್ಟಡ ಆಗುತ್ತೆ ಅಂತ ಮೊದಲೇ ಗುರುತಿಸಬೇಕು, ಅಲ್ಲಿ ನೀರು ಮತ್ತು ಶೌಚಾಲಯಕ್ಕೆ ಮೊದಲೇ ಏರ್ಪಾಡು ಮಾಡಬೇಕು. ಇದು ನನ್ನ ಆಸೆ ಅಲ್ಲ, ಕಾಯ್ದೆಯ 30ನೇ ಸೆಕ್ಷನ್. ಪಾಲಿಕೆ, ನಗರಸಭೆ, ಪಂಚಾಯ್ತಿಯವರು ತಮ್ಮ ಸಿಬ್ಬಂದಿಗೆ ತರಬೇತಿ ಕೊಡಬೇಕು, ಸಲಕರಣೆಗಳನ್ನು ಯಾವಾಗ ಬೇಕಾದರೂ ಬಳಸುವ ಸ್ಥಿತಿಯಲ್ಲಿ ಇಟ್ಟಿರಬೇಕು. ಇದು 41ನೇ ಸೆಕ್ಷನ್. ಯೋಜನೆ ಜಿಲ್ಲಾ ಮಟ್ಟದಲ್ಲಿ ತಯಾರಾಗುತ್ತೆ, ಇಲಾಖೆಗಳಿಗೆ ಪ್ರತಿ ಹೋಗುತ್ತೆ. ಅಲ್ಲಿಂದ ಕೆಳಗೆ, ನೀರುಗಂಟಿಯವರೆಗೆ, ಆಶಾ ಕಾರ್ಯಕರ್ತೆಯವರೆಗೆ, ಬೀದಿಯ ಮೂಲೆ ಅಂಗಡಿಯವರೆಗೆ ಅದು ಇಳಿಯೋದು ಹೇಗೆ?

ನದಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮಗೆ ಅನಾಹುತ ಜಾಸ್ತಿ ಬರೋದು ಆ ಕಡೆಯಿಂದಲೇ. ಕಬಿನಿ ಸಣ್ಣ ಜಲಾಶಯ. ಕೆಆರ್‌ಎಸ್ 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿದರೆ ಕಬಿನಿ ಹಿಡಿಯೋದು 19.52. ಆದರೆ ಅದಕ್ಕೆ ನೀರು ಬರೋದು ವಯನಾಡಿನಿಂದ, ಅಲ್ಲಿನ ಮಳೆ ಎಂಥದ್ದು ಅಂತ 2024ರ ಜುಲೈನಲ್ಲಿ ಮುಂಡಕ್ಕೈ, ಚೂರಲ್‌ಮಲ ಗುಡ್ಡ ಜಾರಿದಾಗ ಇಡೀ ದೇಶವೇ ನೋಡಿದೆ. ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ದಿನಕ್ಕೆ ಸುಮಾರು 8.64 ಟಿಎಂಸಿ. ಡ್ಯಾಂ ಪೂರ್ತಿ ಖಾಲಿ ಇದ್ದರೂ ಎರಡೂಕಾಲು ದಿನಕ್ಕೆ ತುಂಬಿಬಿಡುತ್ತೆ. ಮಳೆಗಾಲದ ನಡುವೆ ಅದು ಖಾಲಿ ಎಲ್ಲಿರುತ್ತೆ? ಹಾಗಾಗಿ ಬಂದಷ್ಟನ್ನು ಬಿಡಲೇಬೇಕು. ಹೊರಹರಿವು ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. 2019ರ ಆಗಸ್ಟ್‌ನಲ್ಲಿ ಕಬಿನಿಯ ಹೊರಹರಿವು ಒಂದು ಲಕ್ಷ ಕ್ಯೂಸೆಕ್ ದಾಟಿತ್ತು. ಅದರ ಹಿಂದಿನ ವರ್ಷವೂ ಪ್ರವಾಹ ಬಂದಿತ್ತು. ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿ ಮೇಲೆಯೇ ನೀರು ನಿಂತು ಮೈಸೂರು ನಂಜನಗೂಡು ನೇರ ಸಂಪರ್ಕವೇ ಕಡಿದುಹೋಯಿತು. ಆ ರಸ್ತೆಯಲ್ಲೇ ಅಲ್ವಾ ಆಂಬುಲೆನ್ಸ್ ಮೈಸೂರಿಗೆ ಬರಬೇಕಾದದ್ದು?

ಈಗ ಎಚ್ಚರಿಕೆ ಹೇಗೆ ಬರುತ್ತೆ ನೋಡಿ. "ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು, ಜಾನುವಾರುಗಳನ್ನು ನದಿಯ ಬಳಿ ಬಿಡಬಾರದು." ಪತ್ರಿಕೆಯಲ್ಲಿ ಬರುತ್ತೆ, ವಾಟ್ಸಾಪ್‌ನಲ್ಲಿ ಬರುತ್ತೆ, ಕೆಲವು ಕಡೆ ಆಟೋದಲ್ಲಿ ಮೈಕ್ ಕಟ್ಟಿ ಹೇಳುತ್ತಾರೆ, ಹಳ್ಳಿಯಲ್ಲಿ ತಮಟೆ ಸಾರುತ್ತಾರೆ. ಒಳ್ಳೆಯದೇ. ಆದರೆ ಎಪ್ಪತ್ತು ದಾಟಿದ ನಮ್ಮಮ್ಮನಿಗೆ ಐವತ್ತು ಸಾವಿರ ಕ್ಯೂಸೆಕ್ ಅಂದರೆ ಏನು ಅಂತ ತಿಳಿಯಬೇಕು? ಆಕೆಗೆ ತಿಳಿಯಬೇಕಾದದ್ದು ನೀರು ನಮ್ಮ ಬೀದಿಗೆ ಬರುತ್ತಾ ಇಲ್ವಾ, ಬಂದರೆ ಎಷ್ಟು ಹೊತ್ತಿಗೆ, ಹೊಸ್ತಿಲವರೆಗಾ ಅಥವಾ ಕಿಟಕಿವರೆಗಾ ಅನ್ನೋದು. ನಮ್ಮ ಬೀದಿಯವರು ಅದಕ್ಕೆ ತಮ್ಮದೇ ಒಂದು ಅಳತೆ ಇಟ್ಟುಕೊಂಡಿದ್ದಾರೆ. ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ ಅಂತ ಹೋಗಿ ನೋಡಿಕೊಂಡು ಬರುತ್ತಾರೆ. ಬಂದು ಹೇಳಿದ ತಕ್ಷಣ ಅಕ್ಕಿ ಮೂಟೆ, ಹಾಸಿಗೆ, ಟ್ರಂಕು ಅಟ್ಟಕ್ಕೆ ಹೋಗುತ್ತೆ, ಮಿಕ್ಸಿ ಟಿವಿ ಮೇಲಿನ ಮನೆಯವರ ಹತ್ತಿರ ಹೋಗುತ್ತೆ. ಇದು ತಲೆಮಾರುಗಳಿಂದ ಬಂದ ತಿಳಿವಳಿಕೆ, ಇದನ್ನು ಯಾವ ಕಡತವೂ ದಾಖಲು ಮಾಡಿಕೊಂಡ ಹಾಗೆ ಕಾಣೆ.

ಇದಕ್ಕೆ ಜಾಸ್ತಿ ದುಡ್ಡು ಬೇಕಾಗಿಲ್ಲ. ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅನ್ನೋದು ಪ್ರತಿ ಮನೆಗೂ ಗೊತ್ತು, ಗೋಡೆ ಮೇಲೆ ಗುರುತು ಇದೆ. ಆ ದಿನ ಆ ಹೊತ್ತಿಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದರು ಅನ್ನೋದು ನೀರಾವರಿ ಇಲಾಖೆಗೆ ಗೊತ್ತು. ಈ ಎರಡನ್ನೂ ಒಂದು ಕಡೆ ಸೇರಿಸಿ, ಪ್ರತಿ ಬೀದಿಯ ಒಂದು ಲೈಟ್ ಕಂಬಕ್ಕೆ ಹಳದಿ, ಕೆಂಪು ಪಟ್ಟಿ ಬಳಿದು, ಇಷ್ಟು ನೀರು ಬಿಟ್ಟರೆ ಇಲ್ಲಿಗೆ ಬರುತ್ತೆ ಅಂತ ಬರೆಸಿ. ಶ್ರೀರಂಗಪಟ್ಟಣದ ಕಡೆಯೂ ಹೀಗೇ ಆಗಬೇಕು. 2024ರ ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಮೀರಿ ಬಿಟ್ಟಾಗ ಅಲ್ಲಿನವರೂ ವೆಲ್ಲೆಸ್ಲಿ ಸೇತುವೆ ನೋಡಿಯೇ ಅಂದಾಜು ಮಾಡಿದ್ದು. ಆ ಸೇತುವೆ 1804ರದ್ದು. ಇನ್ನೂರು ವರ್ಷ ದಾಟಿದ ಕಲ್ಲಿನ ಕಂಬಗಳೇ ಇವತ್ತಿಗೂ ಜನರ ಅಳತೆಗೋಲು ಆಗಿರೋದು ಸರಿಯಾ, ನೀವೇ ಹೇಳಿ.

2024ರಲ್ಲೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಹೋಯಿತು. ಯಾರೂ ನಿರೀಕ್ಷೆ ಮಾಡದ ಹೊತ್ತಿನಲ್ಲಿ, ನಡುರಾತ್ರಿಯಲ್ಲಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ದೊಡ್ಡ ಡ್ಯಾಂಗಳಿಗೆ ತುರ್ತು ಕ್ರಿಯಾ ಯೋಜನೆ ಇರಬೇಕು. ನಮ್ಮಲ್ಲಿ ಅಂಥದ್ದೊಂದು ಆದರೆ ನೀರು ಯಾವ ಊರಿಗೆ ಎಷ್ಟು ಹೊತ್ತಿಗೆ ತಲುಪುತ್ತೆ, ಜನ ಯಾವ ದಾರಿಯಲ್ಲಿ ಎತ್ತರಕ್ಕೆ ಹೋಗಬೇಕು ಅನ್ನೋದನ್ನು ಆ ಊರಿನವರಿಗೆ ಮೊದಲೇ ಹೇಳಬೇಕು. ಹೇಳಿದರೆ ಜನ ಹೆದರುತ್ತಾರೆ ಅನ್ನೋ ಮಾತನ್ನು ನಾನು ಒಪ್ಪಲ್ಲ. ಗೊತ್ತಿಲ್ಲದೆ ಇದ್ದಾಗಲೇ ಜನ ಹೆದರಿ ದಿಕ್ಕಾಪಾಲಾಗೋದು.

ಇನ್ನು ಕಾಳಜಿ ಕೇಂದ್ರಗಳ ಮಾತು. ಹಿಂದೆ ಗಂಜಿ ಕೇಂದ್ರ ಅಂತಿದ್ದರು, ಈಗ ಹೆಸರು ಬದಲಾಗಿದೆ. 2019ರಲ್ಲಿ ಅಂಥ ಒಂದು ಕೇಂದ್ರದಲ್ಲಿ ನಾನೂ ಕೈಜೋಡಿಸಿದ್ದೆ. ಊಟಕ್ಕೆ ತೊಂದರೆ ಆಗಲಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾಂಬಾರು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಡುಗೆಯವರಿಗೂ ಕಂದಾಯ ಇಲಾಖೆಯವರಿಗೂ ಅದಕ್ಕೆ ಕೈಮುಗಿಯಬೇಕು. ತೊಂದರೆ ಆದದ್ದು ಸಣ್ಣ ಸಣ್ಣ ವಿಷಯಗಳಲ್ಲಿ. ಶಾಲೆಯ ಒಂದು ಬ್ಲಾಕಿನ ಬೀಗದ ಕೈ ಇದ್ದವರು ಊರಿಗೆ ಹೋಗಿದ್ದರು, ಅವರು ಬರುವ ತನಕ ಬಾಣಂತಿಯೊಬ್ಬಳು ಕೂಸನ್ನು ಎತ್ತಿಕೊಂಡು ವರಾಂಡದಲ್ಲೇ ಕೂತಿದ್ದಳು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇರಲಿಲ್ಲ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು, ಕತ್ತಲಾಗಲಿ ಅಂತ ಕಾದವರೂ ಇದ್ದರು. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಇನ್ಸುಲಿನ್ ಬಾಟಲನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದರು, ಅದನ್ನು ಇಡೋಕೆ ಫ್ರಿಜ್ ಇಲ್ಲ, ಕೊನೆಗೆ ರಸ್ತೆ ಆಚೆಯ ಬೇಕರಿಯವರು ಹಾಲಿನ ಪ್ಯಾಕೆಟ್ ಪಕ್ಕದಲ್ಲಿ ಜಾಗ ಕೊಟ್ಟರು. ಯಾರು ಬಂದಿದ್ದಾರೆ, ಯಾರು ಇನ್ನೂ ಮನೆಯಲ್ಲೇ ಇದ್ದಾರೆ ಅನ್ನೋ ಪಟ್ಟಿಯನ್ನು ಮಕ್ಕಳ ರೂಲ್ ನೋಟ್‌ಬುಕ್ಕಿನಲ್ಲಿ ಬರೆದೆವು. ಮನೆ ಮನೆಯ ಪಟ್ಟಿ ಮೊದಲೇ ಇಲ್ಲದೆ ಇದ್ದರೆ ಬಾರದೆ ಉಳಿದವರು ಯಾರು ಅಂತ ಹೇಗೆ ಗೊತ್ತಾಗಬೇಕು?

ಮತ್ತೆ ದನಗಳು. ಜನ ಮನೆ ಬಿಟ್ಟು ಬರಲ್ಲ, ಎಷ್ಟು ಹೇಳಿದರೂ ಕೇಳಲ್ಲ ಅಂತ ಅಧಿಕಾರಿಗಳು ಬೇಸರ ಮಾಡಿಕೊಳ್ಳೋದನ್ನು ಕೇಳಿದ್ದೇನೆ. ಎರಡು ಸೀಮೆಹಸು ಸಾಕಿ ಡೇರಿಗೆ ಹಾಲು ಹಾಕಿ ಬದುಕೋ ಮನೆಯವರು ಹಸುವನ್ನು ನೀರಲ್ಲಿ ಕಟ್ಟಿ ಹೇಗೆ ಬರುತ್ತಾರೆ ಸ್ವಾಮಿ? ದನ ಕಟ್ಟೋಕೆ ಎತ್ತರದಲ್ಲಿ ಒಂದು ಜಾಗ, ಎರಡು ದಿನದ ಮೇವು, ಇಷ್ಟು ಮೊದಲೇ ಗುರುತಿಸಿ ಹೇಳಿ, ಅರ್ಧ ಜನ ತಾವಾಗೇ ಹೊರಡುತ್ತಾರೆ.

ಮೈಸೂರು ನಗರದವರು ಇದೆಲ್ಲ ಹೊಳೆ ದಂಡೆಯವರ ಕಷ್ಟ ಅಂದುಕೊಳ್ಳಬಾರದು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕಾ ಉಳಿಸಬೇಕಾ ಅನ್ನೋ ವಾದ ಕೋರ್ಟಿನವರೆಗೂ ಹೋಯಿತು, ಆದರೆ ಆ ವಾದ ನಡೆಯುವಾಗ ಅಲ್ಲೇ ಹೂವು, ಬಾಳೆಹಣ್ಣು ಮಾರಿಕೊಂಡಿದ್ದವರಿಗೆ ಇನ್ನೊಂದು ಸಲ ಬಿದ್ದರೆ ಯಾವ ಕಡೆ ಓಡಬೇಕು ಅಂತ ಹೇಳಿಕೊಟ್ಟವರು ಯಾರು? 2021ರಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿಯಿತು. 2024ರ ಮೇ ತಿಂಗಳಲ್ಲಿ ನಗರದ ಅಂಚಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಊರಿಗೂರೇ ವಾಂತಿ ಭೇದಿಯಿಂದ ಮಲಗಿತು, ಒಬ್ಬ ಯುವಕ ಪ್ರಾಣ ಬಿಟ್ಟ. ಊರು ಬೆಳೆದು ನಗರಕ್ಕೆ ಅಂಟಿಕೊಂಡಿದೆ, ನೀರಿನ ಪೈಪು, ಯುಜಿಡಿ (ಒಳಚರಂಡಿ) ಲೈನು ಆ ವೇಗಕ್ಕೆ ಬೆಳೆದಿಲ್ಲ. ಅಂಥ ಕಡೆ ನಲ್ಲಿ ನೀರಿನ ಬಣ್ಣ ಬದಲಾದ ದಿನ ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿನಲ್ಲಿ ಸರಬರಾಜು ನಿಲ್ಲಿಸಬೇಕು, ಟ್ಯಾಂಕರ್ ಎಲ್ಲಿಂದ ಬರಬೇಕು ಅನ್ನೋದು ಕೂಡ ವಿಪತ್ತಿನ ಪ್ಲಾನೇ.

ನೀರಿನದ್ದೇ ಇನ್ನೊಂದು ಮಾತು. ನಗರಕ್ಕೆ ನೀರು ಬರೋದು ಹೊಂಗಳ್ಳಿ, ಬೆಳಗೊಳ, ಮೇಳಾಪುರ, ಬಿದರಗೂಡಿನಿಂದ, ಎಲ್ಲ ಪಂಪು ಹೊಡೆದು ಎತ್ತಿದ ನೀರು. ಎರಡು ಮೂರು ದಿನ ಕರೆಂಟು ಇಲ್ಲ ಅಂದರೆ ಇಷ್ಟು ದೊಡ್ಡ ಊರಿನ ಆಸ್ಪತ್ರೆಗಳಿಗೆ, ಹಾಸ್ಟೆಲುಗಳಿಗೆ ನೀರು ಯಾವ ಲೆಕ್ಕದಲ್ಲಿ ಹಂಚುತ್ತೀರಿ? ಮೊದಲು ಯಾರಿಗೆ, ಆಮೇಲೆ ಯಾರಿಗೆ? ಆ ಪಟ್ಟಿ ಮಾಡಬೇಕಾದದ್ದು ಕರೆಂಟು ಇರುವಾಗ.

ಆಸ್ಪತ್ರೆ ಅಂದ ಮೇಲೆ ಸುಳ್ವಾಡಿಯನ್ನು ಬಿಡೋ ಹಾಗಿಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಸತ್ತರು, ನೂರಕ್ಕೂ ಜಾಸ್ತಿ ಜನ ಅಸ್ವಸ್ಥರಾದರು. ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಅವರನ್ನು ಆಂಬುಲೆನ್ಸ್‌ಗಳಲ್ಲಿ ಮೈಸೂರಿಗೆ ತಂದರು. ಕೆ.ಆರ್. ಆಸ್ಪತ್ರೆ, ಖಾಸಗಿ ಆಸ್ಪತ್ರೆಗಳು ಎಲ್ಲ ಸೇರಿ ಹಗಲು ರಾತ್ರಿ ದುಡಿದವು. ಮೈಸೂರಿನ ವೈದ್ಯರು, ನರ್ಸುಗಳು ಆಗ ಎಷ್ಟೋ ಜೀವ ಉಳಿಸಿದರು. ಆದರೆ 2021ರ ಮೇನಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ರೋಗಿಗಳು ಸತ್ತಾಗ ಆಮ್ಲಜನಕ ಎಲ್ಲಿ ತಡವಾಯಿತು, ಯಾವ ಜಿಲ್ಲೆಯವರು ಯಾರಿಗೆ ಹೇಳಿದ್ದರು ಅನ್ನೋ ಜಗಳವೇ ಮುಂದೆ ಬಂತು. ಆಕ್ಸಿಜನ್ ಹೋಗಬೇಕಿದ್ದದ್ದು ಮೈಸೂರಿನಿಂದ. ವಿಪತ್ತಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಅಕ್ಕಪಕ್ಕದ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಈ ನಾಲ್ಕೂ ಜಿಲ್ಲೆಗಳ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂತು, ನಿಮ್ಮಲ್ಲಿ ಕಡಿಮೆ ಆದರೆ ನಾವು ಏನು ಕೊಡುತ್ತೇವೆ, ಯಾರ ಸಹಿ ಸಾಕು, ರಾತ್ರಿ ಎರಡು ಗಂಟೆಗೆ ಯಾರ ಫೋನಿಗೆ ಮಾಡಬೇಕು ಅಂತ ಬರೆದುಕೊಂಡಿದ್ದೀರಾ?

ಬೇರೆ ಕಡೆ ಏನಾಗಿದೆ ಅಂತಲೂ ನೋಡಬೇಕು. ಲಂಡನ್ನಿನಲ್ಲಿ 2017ರ ಜೂನ್ 14ರಂದು ಗ್ರೆನ್‌ಫೆಲ್ ಟವರ್ ಅನ್ನೋ 24 ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಬ್ರಿಟನ್ನಿನಲ್ಲಿ 2004ರಿಂದಲೇ ಕಾನೂನು ಇದೆ, ಪೊಲೀಸು, ಅಗ್ನಿಶಾಮಕ ದಳದ ಜೊತೆಗೆ ಸ್ಥಳೀಯ ಕೌನ್ಸಿಲ್ ಕೂಡ ಮೊದಲ ಸಾಲಿನಲ್ಲಿ ನಿಲ್ಲಬೇಕು, ತನ್ನ ಪ್ರದೇಶದಲ್ಲಿ ಏನೇನು ಅಪಾಯ ಇದೆ ಅಂತ ಲೆಕ್ಕ ಹಾಕಿ ಯೋಜನೆ ಮಾಡಬೇಕು ಅಂತ. ಆದರೂ ಬೆಂಕಿ ಬಿದ್ದ ಮೇಲೆ ಮನೆ ಕಳೆದುಕೊಂಡವರಿಗೆ ಊಟ, ಬಟ್ಟೆ, ಮಾಹಿತಿ ಕೊಟ್ಟವರು ಬಹುಮಟ್ಟಿಗೆ ಅಲ್ಲಿನ ಮಸೀದಿ, ಚರ್ಚು ಮತ್ತು ಅಕ್ಕಪಕ್ಕದ ಜನ. 2024ರ ಸೆಪ್ಟೆಂಬರ್‌ನಲ್ಲಿ ಬಂದ ವಿಚಾರಣಾ ವರದಿ ಆ ಕೌನ್ಸಿಲ್ ಇಂಥ ಸಂದರ್ಭಕ್ಕೆ ತಯಾರೇ ಆಗಿರಲಿಲ್ಲ ಅಂತ ಕಟುವಾಗಿ ಹೇಳಿತು. ಶ್ರೀಮಂತ ದೇಶ, ಶ್ರೀಮಂತ ಕೌನ್ಸಿಲ್. ದುಡ್ಡು ಇದ್ದರೂ ಅಭ್ಯಾಸ ಇಲ್ಲದಿದ್ದರೆ ಹೀಗೇ.

ಒಡಿಶಾದ್ದು ಇದಕ್ಕೆ ತದ್ವಿರುದ್ಧ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಹತ್ತಿರ ಹತ್ತಿರ ಹತ್ತು ಲಕ್ಷ ಜನರನ್ನು ಮೊದಲೇ ಬೇರೆ ಕಡೆಗೆ ಸಾಗಿಸಿದರು, ಸಾವು ಎರಡಂಕಿ ದಾಟಲಿಲ್ಲ. ನಡುವಿನ ಹದಿನಾಲ್ಕು ವರ್ಷ ಅವರು ಆಶ್ರಯ ಕಟ್ಟಡ ಕಟ್ಟಿದರು, ಹಳ್ಳಿ ಹಳ್ಳಿಯಲ್ಲಿ ಸಮಿತಿ ಮಾಡಿದರು, ಯಾರು ಮುದುಕರನ್ನು ಕರೆದೊಯ್ಯಬೇಕು, ಯಾರು ಮೈಕ್ ಹಿಡಿಯಬೇಕು ಅಂತ ಹಂಚಿಕೊಂಡು ತಾಲೀಮು ಮಾಡಿದರು. ನಮಗಿಂತ ಬಡ ರಾಜ್ಯ ಮಾಡಿದ್ದನ್ನು ನಾವು ಮಾಡೋಕೆ ಏನು ಅಡ್ಡಿ?

ತಾಲೀಮು ಅಂದರೆ ಏನು ಅಂತ ಮೈಸೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಂಬೂಸವಾರಿಗೆ ವಾರಗಟ್ಟಲೆ ಮುಂಚೆಯೇ ಆನೆಗಳ ಬೆನ್ನಿಗೆ ಮರಳು ಮೂಟೆ ಹೊರಿಸಿ ಬನ್ನಿಮಂಟಪದವರೆಗೆ ನಡೆಸುತ್ತೀರಿ. ಫಿರಂಗಿ ಶಬ್ದಕ್ಕೆ ಬೆದರಬಾರದು ಅಂತ ಆನೆ ಕುದುರೆಗಳ ಮುಂದೆ ಸಿಡಿಮದ್ದು ಸಿಡಿಸಿ ರೂಢಿ ಮಾಡಿಸುತ್ತೀರಿ. ಆ ಶಿಸ್ತನ್ನು ನೋಡಿಯೇ ನನಗೆ ನಿಮ್ಮ ಮೇಲೆ ನಂಬಿಕೆ. ಮಾಡಬೇಕು ಅಂತ ಕೂತರೆ ಪಾಲಿಕೆ, ಪೊಲೀಸ್, ಅರಣ್ಯ, ಸೆಸ್ಕ್ (ವಿದ್ಯುತ್ ಕಂಪನಿ), ಆರೋಗ್ಯ ಇಲಾಖೆ ಎಲ್ಲ ಒಟ್ಟಿಗೆ ಕೆಲಸ ಮಾಡೋದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಅದೇ ತಾಲೀಮನ್ನು ಮುಂಗಾರಿಗೆ ಮುಂಚೆ ಒಂದು ಭಾನುವಾರ ಜನರ ಜೊತೆ ಮಾಡಿ. ಅಧಿಕಾರಿಗಳು, ಫೋಟೋಗ್ರಾಫರು ಮಾತ್ರ ಇರುವ ಅಣಕು ಪ್ರದರ್ಶನ ಬೇಡ. ನಮ್ಮ ಬೀದಿಯ ಅಜ್ಜಿಯರು, ಮಕ್ಕಳು, ಗಾಲಿಕುರ್ಚಿಯಲ್ಲಿ ಇರುವವರು ನಿಜವಾಗಿ ಮನೆ ಬಿಟ್ಟು ಶಾಲೆಯವರೆಗೆ ನಡೆದು ಬರಲಿ, ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳೋಣ. ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತದ್ದನ್ನು ನೋಡಿದ ಮೇಲೆ, ದಸರಾದಲ್ಲಿ ಜನ ಸೇರುವ ಪ್ರತಿ ಜಾಗದಲ್ಲೂ ಹೊರಗೆ ಹೋಗುವ ದಾರಿಯ ತಾಲೀಮು ಕೂಡ ಬೇಕು.

ಒಂದು ಮಾತನ್ನು ನೇರವಾಗಿಯೇ ಹೇಳಬೇಕು. ಜಿಲ್ಲಾ ವಿಪತ್ತು ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿಗಳ ಪಕ್ಕದ ಕುರ್ಚಿ, ಅಂದರೆ ಸಹ ಅಧ್ಯಕ್ಷರ ಸ್ಥಾನ, ಕಾಯ್ದೆ ಪ್ರಕಾರ ಜಿಲ್ಲಾ ಪಂಚಾಯತ್ ಅಧ್ಯಕ್ಷರದ್ದು. ಜನ ಆರಿಸಿದವರು ಅಲ್ಲಿ ಕೂರಬೇಕು ಅಂತ ಬೇಕಂತಲೇ ಇಟ್ಟಿದ್ದು. ನಮ್ಮಲ್ಲಿ ಜಿಲ್ಲಾ ಪಂಚಾಯತ್ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ 2021ಕ್ಕೆ ಮುಗಿಯಿತು. ಮೈಸೂರು ಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಬಂದ ಮಳೆಗಾಲಗಳಲ್ಲಿ ವಾರ್ಡಿನ ಮನೆ ಮನೆ ಗೊತ್ತಿರುವ, ರಾತ್ರಿ ಬಾಗಿಲು ತಟ್ಟಿದರೆ ಎದ್ದು ಬರಲೇಬೇಕಾದ ಆ ಒಬ್ಬ ಮನುಷ್ಯ ಅಧಿಕೃತವಾಗಿ ಇಲ್ಲ. ಕಾರ್ಪೊರೇಟರ್‌ಗಳ ಬಗ್ಗೆ ನಮಗೆ ಎಷ್ಟೇ ಸಿಟ್ಟು ಇರಲಿ, ಯುಜಿಡಿ ಕಟ್ಟಿಕೊಂಡ ರಾತ್ರಿ ನಾವು ಫೋನ್ ಮಾಡುತ್ತಿದ್ದದ್ದು ಅವರಿಗೇ. ಚುನಾವಣೆ ನಡೆಸೋದು ನಿಮ್ಮ ಕೈಯಲ್ಲಿ ಇಲ್ಲ ಅಂತ ಗೊತ್ತು. ಆದರೆ ಆ ಜಾಗ ಖಾಲಿ ಇದ್ದಾಗ ಜವಾಬ್ದಾರಿ ಯಾರದ್ದು ಅಂತ ಹೆಸರು ಹಿಡಿದು ಹೇಳೋದು ನಿಮ್ಮ ಕೈಯಲ್ಲೇ ಇದೆ.

ಪಾಲಿಕೆ ಆಯುಕ್ತರಿಗೆ ಇನ್ನೊಂದು. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ವಿಪತ್ತು ನಿರ್ವಹಣಾ ಕಾಯ್ದೆಯ ತಿದ್ದುಪಡಿ ಪ್ರಕಾರ ಮಹಾನಗರ ಪಾಲಿಕೆ ಇರುವ ನಗರಗಳಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸೋಕೆ ರಾಜ್ಯ ಸರ್ಕಾರಕ್ಕೆ ಅವಕಾಶ ಇದೆ. ಅದಕ್ಕೆ ಆಯುಕ್ತರೇ ಅಧ್ಯಕ್ಷರು, ಜಿಲ್ಲಾಧಿಕಾರಿಗಳು ಉಪಾಧ್ಯಕ್ಷರು. ಮೈಸೂರಿಗೆ ಇದು ಬೇಗ ಬೇಕು ಅಂತ ನೀವೇ ಸರ್ಕಾರವನ್ನು ಒತ್ತಾಯ ಮಾಡಬೇಕು. ಆದರೆ ಇನ್ನೊಂದು ಬೋರ್ಡು, ಇನ್ನೊಂದು ಮೀಟಿಂಗು ಅಷ್ಟಕ್ಕೇ ನಿಲ್ಲಬಾರದು. ಅದರ ಯೋಜನೆ ವಾರ್ಡ್ ವಾರ್ಡ್‌ಗೆ ಬೇರೆ ಬೇರೆ ಆಗಿರಬೇಕು. ಮಂಡಿ ಮೊಹಲ್ಲಾದ ಇಕ್ಕಟ್ಟಿನ ಗಲ್ಲಿಗೆ ಬೇಕಾದದ್ದು ಬೇರೆ, ಬೆಟ್ಟದ ತಪ್ಪಲಿನ ಬಡಾವಣೆಗೆ ಬೇಕಾದದ್ದು ಬೇರೆ, ರಾಜಕಾಲುವೆ ಪಕ್ಕ ಕಟ್ಟಿದ ಲೇಔಟಿಗೆ ಬೇಕಾದದ್ದು ಬೇರೆ.

ನಾನು ಕೇಳುವ ಪ್ಲಾನ್ ದೊಡ್ಡ ಪುಸ್ತಕ ಅಲ್ಲ. ಒಂದು ಹಾಳೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಡೇರಿ, ದೇವಸ್ಥಾನ, ಮಸೀದಿ ಗೋಡೆಗೆ ಅಂಟಿಸಿದ ಒಂದು ಹಾಳೆ. ನಮ್ಮ ವಾರ್ಡಿನ ನೋಡಲ್ ಅಧಿಕಾರಿ ಯಾರು, ಅವರ ನಂಬರು. ಕಾಳಜಿ ಕೇಂದ್ರ ಯಾವುದು, ಅದರ ಬೀಗದ ಕೈ ಯಾವ ಇಬ್ಬರ ಹತ್ತಿರ ಇದೆ. ದನ ಕಟ್ಟುವ ಜಾಗ ಎಲ್ಲಿ. ಆಪದ ಮಿತ್ರ (ವಿಪತ್ತಿನ ಸ್ವಯಂಸೇವಕರ) ತರಬೇತಿ ಪಡೆದವರು, ಈಜು ಬಲ್ಲವರು, ಟ್ರ್ಯಾಕ್ಟರ್ ಇರುವವರು ಯಾರು. 112, 108, 101 ಎಲ್ಲರಿಗೂ ಗೊತ್ತು, ಜಿಲ್ಲಾ ಕಂಟ್ರೋಲ್ ರೂಮಿನ 1077 ಎಷ್ಟು ಜನಕ್ಕೆ ಗೊತ್ತು? ಅದನ್ನೂ ಬರೆಯಿರಿ, ರಾತ್ರಿ ಮೂರು ಗಂಟೆಗೆ ಮಾಡಿದರೂ ಕನ್ನಡದಲ್ಲಿ ಸಮಾಧಾನವಾಗಿ ಉತ್ತರ ಕೊಡುವವರನ್ನು ಅಲ್ಲಿ ಕೂರಿಸಿ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಫೋನುಗಳಿಗೆ ಒಟ್ಟಿಗೆ ಎಚ್ಚರಿಕೆ ಸಂದೇಶ ಕಳಿಸಿ ಪರೀಕ್ಷೆ ಮಾಡಿದ್ದರು, ಕ್ಲಾಸಿನಲ್ಲಿ ಮಕ್ಕಳೆಲ್ಲ ಬೆಚ್ಚಿಬಿದ್ದು ಏನು ಸಾರ್ ಇದು ಅಂತ ಕೇಳಿದ್ದರು. ಆ ತಂತ್ರಜ್ಞಾನ ಇದೆ. ಕೆಎಸ್‌ಎನ್‌ಡಿಎಂಸಿಯ (ರಾಜ್ಯದ ನೈಸರ್ಗಿಕ ವಿಪತ್ತು ಉಸ್ತುವಾರಿ ಕೇಂದ್ರದ) ಮಳೆ ಮಾಪಕಗಳು ಪಂಚಾಯ್ತಿ ಮಟ್ಟದವರೆಗೂ ಇವೆ. ಮೇಲಿನಿಂದ ಮಾಹಿತಿ ಬರೋಕೆ ಕಷ್ಟ ಇಲ್ಲ. ಅದು ಬಂದ ಮೇಲೆ ಫೋನೇ ಇಲ್ಲದ ಮನೆಯ ಬಾಗಿಲು ಯಾರು ತಟ್ಟಬೇಕು ಅನ್ನೋದು ಆ ಹಾಳೆಯಲ್ಲಿ ಇರಬೇಕು.

ಮೇ ತಿಂಗಳು ಮುಗಿಯುವುದರೊಳಗೆ ಮೊದಲು ಹೊಳೆ ದಂಡೆಯ ವಾರ್ಡು ಮತ್ತು ಹಳ್ಳಿಗಳಿಗೆ ಇದನ್ನು ಮಾಡಿಕೊಡಿ, ಉಳಿದ ಕಡೆ ಆಮೇಲೆ ಮಾಡಿದರೂ ನಡೆಯುತ್ತೆ. ಒಬ್ಬರೇ ಮಾಡಿ ಅಂತ ನಾವು ಕೈಕಟ್ಟಿ ಕೂರಲ್ಲ. ನಮ್ಮ ಬೀದಿಯಲ್ಲಿ ಒಂಟಿಯಾಗಿ ಇರುವ ಮುದುಕರು ಯಾರು, ಡಯಾಲಿಸಿಸ್‌ಗೆ ಹೋಗುವವರು ಯಾರು, ಬಸುರಿಯರು ಯಾರು, ಯಾವ ಮನೆಯಲ್ಲಿ ಎಷ್ಟು ದನ ಅಂತ ಪಟ್ಟಿ ಮಾಡಿಕೊಡೋಕೆ ನಾನೂ ನನ್ನ ಜೊತೆಯ ಶಿಕ್ಷಕರೂ ಬೀದಿಯ ಹುಡುಗರೂ ಸಿದ್ಧ ಇದ್ದೇವೆ. ಆ ಪಟ್ಟಿಯನ್ನು ಯಾವ ಕಚೇರಿಯಲ್ಲಿ, ಯಾರ ಕೈಗೆ ಕೊಡಬೇಕು ಅನ್ನೋದನ್ನು ದಯವಿಟ್ಟು ಬಹಿರಂಗವಾಗಿಯೇ ತಿಳಿಸಿ.

ಇಂತಿ ನಮಸ್ಕಾರಗಳೊಂದಿಗೆ,
ನಂಜನಗೂಡಿನ ಹೊಳೆ ಬೀದಿಯ ಒಬ್ಬ ಮೇಷ್ಟ್ರು